ಸೇಂಟ್ ಜಾನ್ ದ್ವೀಪದ ಕ್ರಾಫ್ಟ್ ಬಿಯರ್: ಪದೇ ಪದೇ ಕೇಳುವ ಪ್ರಶ್ನೆಗಳು

ಸೇಂಟ್ ಜಾನ್‌ಗೆ ಎರಡು ಸಲ ಹೋಗಿ ಅಲ್ಲಿನ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಬ್ರೂವರಿಯವರು (ಬಿಯರ್ ತಯಾರಕರು) ಮಾಡುವ ಬಿಯರ್, ಕುಡಿದು ಬಂದಿದ್ದೇನೆ. ಫೋಟೋ ಹಾಕಿದ ದಿನದಿಂದ ಗೆಳೆಯರು, ಅವರ ಗೆಳೆಯರು, ಒಬ್ಬ ದೂರದ ಭಾವ, ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲಿ ಅದದೇ ಕೇಳುತ್ತಿದ್ದಾರೆ. ಪ್ರತಿ ಸಲ ಟೈಪ್ ಮಾಡೋದಕ್ಕಿಂತ ಒಂದು ಸಲ ಕೂತು ಬರೆದುಬಿಡೋಣ ಅನ್ನಿಸಿತು.

ಕ್ಯಾರಿಬಿಯನ್ ಅಂದರೆ ರಮ್ ಅಲ್ವಾ? ಅಲ್ಲಿಗೆ ಹೋಗಿ ಬಿಯರ್ ಯಾಕೆ?

ಹೌದು, ಅಲ್ಲಿ ರಮ್ಮೇ ರಾಜ. ಮುನ್ನೂರು ವರ್ಷ ಹಿಂದೆ ಡೇನ್‌ಮಾರ್ಕಿನವರು ಇಲ್ಲಿ ಕಬ್ಬು ಹಾಕಿದರು, ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಂದ ದುಡಿಸಿದರು, ಸಕ್ಕರೆ ತೆಗೆದ ಮೇಲೆ ಉಳಿದ ಕಾಕಂಬಿಯಿಂದ ರಮ್ ಇಳಿಸಿದರು. ಆ ಕಾಲದ ಆನಾಬರ್ಗ್ ಸಕ್ಕರೆ ಗಿರಣಿಯ ಕಲ್ಲಿನ ಗೋಡೆಗಳು ಇನ್ನೂ ನಿಂತಿವೆ, ಹೋದರೆ ನೋಡಿ. ಈಗಲೂ ರಮ್ ಅಂದರೆ ದುಡ್ಡು. ಪಕ್ಕದ ಸೇಂಟ್ ಕ್ರೋಯಿ ದ್ವೀಪದಲ್ಲಿ ಕ್ರೂಜನ್ ಮತ್ತು ಕ್ಯಾಪ್ಟನ್ ಮಾರ್ಗನ್ ತಯಾರಾಗುತ್ತವೆ. ಅಲ್ಲಿಂದ ಅಮೆರಿಕಕ್ಕೆ ಹೋಗುವ ರಮ್ ಮೇಲೆ ಅಮೆರಿಕದ ಕೇಂದ್ರ ಸರಕಾರ ಹಾಕುವ ತೆರಿಗೆಯಲ್ಲಿ ದೊಡ್ಡ ಪಾಲು ಈ ದ್ವೀಪಗಳ ಸರಕಾರಕ್ಕೇ ವಾಪಸ್ ಬರುತ್ತದೆ.

ಬಿಯರ್‌ಗೆ ಅಂಥ ಯಾವ ಬೆಂಬಲವೂ ಇಲ್ಲ. ಬಿಸಿಲಿಗೆ ತಣ್ಣಗಿದ್ದರೆ ಸಾಕು ಅಂತ ಜನ ಹೈನೆಕೆನ್, ಡೊಮಿನಿಕನ್ ರಿಪಬ್ಲಿಕ್ಕಿನ ಪ್ರೆಸಿಡೆಂಟೆ, ಟ್ರಿನಿಡಾಡ್‌ನ ಕ್ಯಾರಿಬ್ ಕುಡಿಯುತ್ತಾರೆ. ಇಂಥ ಊರಲ್ಲಿ ಯಾರೋ ಇಬ್ಬರು ಹಠ ಹಿಡಿದು ತಮ್ಮದೇ ಬಿಯರ್ ಮಾಡಿದ್ದಾರೆ ಅಂದಾಗ ನನಗೆ ಕುತೂಹಲ ಹುಟ್ಟಿತು, ಅಷ್ಟೇ.

ಸೇಂಟ್ ಜಾನ್ ಎಲ್ಲಿದೆ? ಹೋಗೋದು ಹೇಗೆ?

ಪೋರ್ಟೊ ರಿಕೊದ ಪೂರ್ವಕ್ಕೆ. ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಮುಖ್ಯವಾದವು ಮೂರು: ಸೇಂಟ್ ಥಾಮಸ್, ಸೇಂಟ್ ಕ್ರೋಯಿ, ಸೇಂಟ್ ಜಾನ್. 1917ರಲ್ಲಿ ಅಮೆರಿಕ ಇವನ್ನು ಡೇನ್‌ಮಾರ್ಕಿನಿಂದ 2.5 ಕೋಟಿ ಡಾಲರ್ ಚಿನ್ನ ಕೊಟ್ಟು ಕೊಂಡುಕೊಂಡಿತು. ಮೂರರಲ್ಲಿ ಸೇಂಟ್ ಜಾನ್ ಸಣ್ಣದು, ಸುಮಾರು 50 ಚದರ ಕಿ.ಮೀ., ಜನ ನಾಲ್ಕು ಸಾವಿರದ ಒಳಗೆ. ಅರ್ಧಕ್ಕಿಂತ ಜಾಸ್ತಿ ನೆಲ ರಾಷ್ಟ್ರೀಯ ಉದ್ಯಾನದ ಕೈಲಿದೆ. ಹಾಗಾಗಿ ಎತ್ತರದ ಹೋಟೆಲ್‌ಗಳ ಸಾಲು ಇಲ್ಲ, ಬೀದಿ ತುಂಬ ಕತ್ತೆಗಳಿವೆ. ನಿಜವಾಗಲೂ ಕತ್ತೆಗಳು. ನಿಮ್ಮ ಜೀಪಿನ ಕಿಟಕಿಗೆ ಮೂತಿ ಹಾಕುತ್ತವೆ.

ವಿಮಾನ ನಿಲ್ದಾಣ ಇಲ್ಲ. ಸೇಂಟ್ ಥಾಮಸ್‌ಗೆ ಹಾರಿ, ಟ್ಯಾಕ್ಸಿಯಲ್ಲಿ ದ್ವೀಪದ ಇನ್ನೊಂದು ತುದಿಯ ರೆಡ್ ಹುಕ್‌ಗೆ ಬಂದು, ಅಲ್ಲಿಂದ ದೋಣಿ ಹತ್ತಬೇಕು. ಇಪ್ಪತ್ತು ನಿಮಿಷಕ್ಕೆ ಸೇಂಟ್ ಜಾನ್‌ನ ಮುಖ್ಯ ಊರು ಕ್ರೂಜ್ ಬೇ ಸಿಗುತ್ತದೆ. ದೋಣಿ ಇಳಿದು ನಡೆದೇ ಬಿಯರ್ ಸಿಗುವ ಜಾಗ ಮುಟ್ಟಬಹುದು.

ಎಷ್ಟು ಬ್ರೂವರಿ ಇವೆ? ಒಂದು ದಿನದಲ್ಲಿ ಎಲ್ಲ ಮುಗಿಸಬಹುದಾ?

ಇಂದಿರಾನಗರದಲ್ಲಿ ಒಂದು ಸಂಜೆ ಮೂರು ಕಡೆ ಹೋಗಿ ಬರುವ ಅಭ್ಯಾಸ ಇದ್ದವರಿಗೆ ನಿರಾಸೆ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ. ಸೇಂಟ್ ಜಾನ್‌ನಲ್ಲಿ ಹೆಸರು ಮಾಡಿರೋದು ಒಂದೇ, ಸೇಂಟ್ ಜಾನ್ ಬ್ರೂವರ್ಸ್. ಕ್ರೂಜ್ ಬೇಯ ಮಂಗೂಸ್ ಜಂಕ್ಷನ್ ಅನ್ನೋ ಕಲ್ಲು ಕಟ್ಟಡದ ಅಂಗಡಿ ಸಾಲಿನಲ್ಲಿ ಅವರ ಟ್ಯಾಪ್ ರೂಮ್, ಅಂದರೆ ತಮ್ಮ ಬಿಯರನ್ನು ನಲ್ಲಿಯಿಂದ ಹಿಡಿದು ಕೊಡುವ ಬಾರ್, ಇದೆ. ಒಂದು ಸಂಜೆ ಸಾಕು. ಎರಡನೇ ಸಂಜೆ ಹೋದರೆ ಅದು ಇಷ್ಟ ಆಗಿ ಹೋಗೋದು.

ಅದು ನಿಜವಾಗಿ ಲೋಕಲ್ ಬಿಯರಾ? ಬೇರೆ ಕಡೆ ಮಾಡಿಸಿ ತರ್ತಾರೆ ಅಂತ ಕೇಳಿದೆ.

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದೇ, ಮತ್ತು ನ್ಯಾಯವಾದ ಪ್ರಶ್ನೆ.

ಕಥೆ ಹೀಗಿದೆ. ಕೆವಿನ್ ಚಿಪ್ಮನ್ ಮತ್ತು ಚಿರಾಗ್ ವ್ಯಾಸ್ ಅನ್ನೋ ಇಬ್ಬರು ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಓದಿ, 2001ರ ಸುಮಾರಿಗೆ ಈ ದ್ವೀಪಕ್ಕೆ ಬಂದರು. ವರ್ಮಾಂಟ್ ಕಡೆ ಒಳ್ಳೇ ಬಿಯರ್ ಕುಡಿದು ಅಭ್ಯಾಸ, ಇಲ್ಲಿ ನೋಡಿದರೆ ತೆಳ್ಳನೆ ಲಾಗರ್ ಬಿಟ್ಟರೆ ಬೇರೆ ಗತಿ ಇಲ್ಲ. ಮನೆಯಲ್ಲೇ ಪಾತ್ರೆ ಇಟ್ಟು ಕುದಿಸೋಕೆ ಶುರು ಮಾಡಿದರು. 2004ರಲ್ಲಿ ಮಾವು ಹಾಕಿದ ವರ್ಜಿನ್ ಐಲ್ಯಾಂಡ್ಸ್ ಪೇಲ್ ಏಲ್ ಮಾರುಕಟ್ಟೆಗೆ ಬಂತು. ಆದರೆ ಬಾಟಲಿಗೆ ತುಂಬುವಷ್ಟು ದೊಡ್ಡ ಬ್ರೂವರಿ ದ್ವೀಪದಲ್ಲಿ ಇರಲಿಲ್ಲ. ಹಾಗಾಗಿ ಪಾಕ ಇವರದ್ದು, ತಯಾರಿ ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ಶಿಪ್‌ಯಾರ್ಡ್ ಬ್ರೂವರಿಯದ್ದಾಗಿತ್ತು. ಅಲ್ಲಿಂದ ದ್ವೀಪಕ್ಕೆ ನೇರ ಗೆರೆ ಎಳೆದರೆ ಸುಮಾರು 2,900 ಕಿ.ಮೀ. ಕನ್ಯಾಕುಮಾರಿಯಲ್ಲಿ ಕುಡಿಯೋ ‘ಲೋಕಲ್’ ಬಿಯರ್ ಶ್ರೀನಗರದಲ್ಲಿ ತಯಾರಾದ ಹಾಗೆ!

ಮೊದಲ ಸಲ ಇದು ಗೊತ್ತಾದಾಗ ನನಗೆ ಸಿಟ್ಟೇ ಬಂತು. ಮೋಸ ಹೋದೆ ಅನ್ನಿಸಿತು. ಎರಡು ದಿನ ದ್ವೀಪದಲ್ಲಿ ಇದ್ದ ಮೇಲೆ ಸಿಟ್ಟು ತಾನಾಗಿ ಇಳಿಯಿತು. ಬೆಳಿಗ್ಗೆ ದಿನಸಿ ಅಂಗಡಿಗೆ ಹೋಗಿ ನೋಡಿದರೆ ಈರುಳ್ಳಿ, ಹಾಲು, ಮೊಟ್ಟೆ, ಎಲ್ಲವೂ ಹಡಗಿನಲ್ಲಿ ಬಂದದ್ದೇ. ಈರುಳ್ಳಿಯೇ ಹೊರಗಿಂದ ಬರುವ ಊರಲ್ಲಿ ಬಿಯರ್ ಮಾತ್ರ ಇಲ್ಲೇ ಹುಟ್ಟಬೇಕು ಅಂತ ನಾನು ಹಠ ಮಾಡೋದು ಯಾವ ನ್ಯಾಯ? ಮೈಸೂರುಪಾಕನ್ನು ಬೆಂಗಳೂರಲ್ಲಿ ಮಾಡಿದರೂ ಮೈಸೂರುಪಾಕ್ ಅಂತಲೇ ತಿನ್ನುತ್ತೇವೆ ಅಲ್ವಾ.

ಆಮೇಲೆ ಅವರು ಟ್ಯಾಪ್ ರೂಮ್‌ನಲ್ಲೇ ಸಣ್ಣ ಪ್ರಮಾಣದಲ್ಲಿ ಕುದಿಸೋಕೆ ಶುರು ಮಾಡಿದರು. ಹಾಗಾಗಿ ನನ್ನ ಸಲಹೆ ಇಷ್ಟೇ: ಕೂತ ಕೂಡಲೇ ‘ಇಲ್ಲೇ ಕುದಿಸಿದ್ದು ಇವತ್ತು ಯಾವುದಿದೆ’ ಅಂತ ಕೇಳಿ. ಅದನ್ನು ಮೊದಲು ಕುಡಿಯಿರಿ. ಕ್ಯಾನ್, ಬಾಟಲಿ ಆಮೇಲೆ ಎಲ್ಲಿ ಬೇಕಾದರೂ ಸಿಗುತ್ತೆ. ಕ್ಯಾನ್ ತಗೊಂಡಾಗ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ, ಎಲ್ಲಿ ತಯಾರಾಗಿದ್ದು ಅಂತ ಬರೆದಿರುತ್ತೆ. ಈ ಅಭ್ಯಾಸ ಕ್ಯಾರಿಬಿಯನ್‌ನ ಯಾವ ದ್ವೀಪಕ್ಕೆ ಹೋದರೂ ಉಪಯೋಗಕ್ಕೆ ಬರುತ್ತದೆ, ತಾಳೆ ಮರದ ಚಿತ್ರ ಇದ್ದ ಮಾತ್ರಕ್ಕೆ ಎಲ್ಲವೂ ದ್ವೀಪದ್ದಲ್ಲ.

ದ್ವೀಪದಲ್ಲೇ ಬಿಯರ್ ಮಾಡೋದು ಅಷ್ಟೊಂದು ಕಷ್ಟವಾ?

ಕಷ್ಟ. ಒಂದೊಂದೇ ನೋಡಿ.

ಸೇಂಟ್ ಜಾನ್ ಇರೋದು 18 ಡಿಗ್ರಿ ಉತ್ತರಕ್ಕೆ, ಹೆಚ್ಚುಕಮ್ಮಿ ನಮ್ಮ ಬೀದರಿನ ನೇರಕ್ಕೆ. ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಬಳ್ಳಿ ಚೆನ್ನಾಗಿ ಹೂ ಬಿಡಬೇಕಾದರೆ ಬೇಸಿಗೆಯ ಉದ್ದನೆ ಹಗಲು, ಚಳಿಗಾಲದ ನಿದ್ದೆ ಎರಡೂ ಬೇಕು, ಇಲ್ಲಿ ಎರಡೂ ಇಲ್ಲ. ಬಾರ್ಲಿಗೆ ಹೊಲವೇ ಇಲ್ಲ, ಬರೀ ಗುಡ್ಡ. ಹಾಗಾಗಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್, ಹುದುಗಿಸುವ ಯೀಸ್ಟ್ ಎಲ್ಲ ಹೊರಗಿಂದ ಬರಬೇಕು. ಉಪ್ಪುಗಾಳಿ, ಸೆಕೆ, ಹಡಗು ತಡ ಆದರೆ ಹಾಪ್ಸ್ ಘಮ ಹೋಯಿತು ಅಂತಲೇ ಲೆಕ್ಕ.

ಉಳಿದಿದ್ದು ನೀರು. ಬಿಯರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ತಾನೆ, ಅದಾದರೂ ಇಲ್ಲಿನದು ಅನ್ನೋಣ ಅಂದರೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಮಳೆ ನೀರು ಮಾಡಿನಿಂದ ಇಳಿದು ಮನೆ ಕೆಳಗಿನ ತೊಟ್ಟಿಗೆ ಸೇರುತ್ತದೆ, ಮನೆ ಕಟ್ಟಬೇಕಾದರೆ ಇಂಥ ತೊಟ್ಟಿ ಇರಲೇಬೇಕು ಅಂತ ಕಾನೂನೇ ಇದೆ. ಉಳಿದದ್ದು ಸಮುದ್ರದ ನೀರಿನ ಉಪ್ಪು ತೆಗೆದದ್ದು. ನಾವು ಇದ್ದ ಮನೆಯ ಬಚ್ಚಲಲ್ಲಿ ಒಂದು ಚೀಟಿ ಅಂಟಿಸಿದ್ದರು: ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಾಕಿ, ಮತ್ತೆ ನಲ್ಲಿ ತಿರುಗಿಸಿ. ಒಂದು ಗ್ಲಾಸ್ ಬಿಯರಿಗೆ ಬ್ರೂವರಿಯಲ್ಲಿ ತೊಳೆಯೋಕೆ, ತಣಿಸೋಕೆ ಸೇರಿ ಹಲವು ಗ್ಲಾಸ್ ನೀರು ಖರ್ಚಾಗುತ್ತದೆ ಅನ್ನೋದು ಆ ಚೀಟಿ ಓದುತ್ತಾ ನೆನಪಾಯಿತು. ಜೊತೆಗೆ ಮಳೆ ನೀರಲ್ಲಿ ಖನಿಜ ತೀರಾ ಕಮ್ಮಿ, ಬಿಯರಿಗೆ ಬೇಕಾದಷ್ಟು ಕ್ಯಾಲ್ಸಿಯಂ ಲವಣವನ್ನು ತೂಗಿ ಹಾಕಬೇಕು.

ಕೊನೆಗೆ ತಂಪು. ಕುದಿಸಿದ ರಸವನ್ನು ಬೇಗ 20 ಡಿಗ್ರಿ ಹತ್ತಿರ ಇಳಿಸಿ ಯೀಸ್ಟ್ ಹಾಕಬೇಕು. ಚಳಿ ದೇಶದಲ್ಲಿ ನಲ್ಲಿ ನೀರು ಹಾಯಿಸಿದರೆ ಕೆಲಸ ಮುಗೀತು. ಇಲ್ಲಿ ನಲ್ಲಿ ನೀರೇ ಉಗುರು ಬೆಚ್ಚಗೆ! ಹುದುಗುವಾಗ ಸೆಕೆ ಜಾಸ್ತಿಯಾದರೆ ಯೀಸ್ಟ್ ಒರಟಾಗುತ್ತೆ, ಬಿಯರ್‌ಗೆ ಉಗುರು ಬಣ್ಣದ ಡಬ್ಬಿ ತೆರೆದ ವಾಸನೆ ಬರುತ್ತೆ. ಹಾಗಾಗಿ ಹಗಲು ರಾತ್ರಿ ಚಿಲ್ಲರ್ ಓಡಬೇಕು, ಕರೆಂಟು ಇಲ್ಲಿ ಭಾರಿ ದುಬಾರಿ, ಅದೂ ಹೋಗ್ತಾ ಬರ್ತಾ ಇರುತ್ತೆ. ಇದೆಲ್ಲ ತಿಳಿದ ಮೇಲೆ ಇಲ್ಲೇ ಕುದಿಸಿದ ಒಂದು ಗ್ಲಾಸ್ ಕೈಗೆ ಬಂದಾಗ ಗಟಗಟ ಕುಡಿಯೋಕೆ ಮನಸ್ಸಾಗಲಿಲ್ಲ.

ಮಾವಿನ ಬಿಯರ್ ಹೇಗಿರುತ್ತೆ? ಮ್ಯಾಂಗೋ ಜ್ಯೂಸ್ ತರಹಾನಾ?

ಅಲ್ಲ. ರಸಪುರಿ ಹಿಂಡಿದ ಸೀಕರಣೆ ನಿರೀಕ್ಷೆ ಮಾಡಬೇಡಿ. ಗ್ಲಾಸ್ ಮೂಗಿನ ಹತ್ತಿರ ತಂದಾಗ ಮಾವಿನ ಘಮ ಬರುತ್ತೆ, ಬಾಯಿಗೆ ಬಿದ್ದಾಗ ಒಂದು ಕ್ಷಣ ಹಣ್ಣು, ಆಮೇಲೆ ತೆಳು ಕಹಿ, ಅಷ್ಟರಲ್ಲಿ ಮುಗೀತು. ಸಿಹಿ ಕಮ್ಮಿ. ಹಣ್ಣಿನ ಬಿಯರ್ ಅಂದರೆ ಮೂಗು ಮುರಿಯುವವನು ನಾನು, ಆದರೂ ಮಧ್ಯಾಹ್ನದ ಬಿಸಿಲಲ್ಲಿ ನಡೆದು ಬಂದು ಕುಡಿದಾಗ ಬೇರೇನೂ ಬೇಡ ಅನ್ನಿಸಿತು. ರಾತ್ರಿ ಊಟದ ಜೊತೆ ಅದೇ ಬಿಯರ್ ಅಷ್ಟು ಹಿಡಿಸಲಿಲ್ಲ.

ಕಹಿ ಬೇಕು ಅನ್ನುವವರಿಗೆ ಐಲ್ಯಾಂಡ್ ಹಾಪಿನ್ ಅನ್ನೋ ಐಪಿಎ ಇದೆ. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್, ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಗೆ ಹಡಗಿನಲ್ಲಿ ಬರುತ್ತಿದ್ದ, ಹಾಪ್ಸ್ ಜಾಸ್ತಿ ಹಾಕಿದ ಬಿಯರಿನ ಹೆಸರು. ಪಕ್ಕದ ಸ್ಟೂಲಿನವರಿಗೆ ಇಂಡಿಯಾದವನು ಅಂತ ಹೇಳಿಕೊಂಡು ಅದನ್ನೇ ಆರ್ಡರ್ ಮಾಡಿದರೆ ಒಂದು ಜೋಕು ಖಂಡಿತ ಕೇಳಿಸಿಕೊಳ್ಳಬೇಕಾಗುತ್ತೆ, ತಯಾರಾಗಿರಿ.

ಏನು ಆರ್ಡರ್ ಮಾಡಬೇಕು ಗೊತ್ತಾಗಲಿಲ್ಲ ಅಂದರೆ?

ಫ್ಲೈಟ್ ಕೇಳಿ. ಮರದ ಹಲಗೆ ಮೇಲೆ ನಾಲ್ಕೈದು ಪುಟ್ಟ ಗ್ಲಾಸ್ ಬರುತ್ತೆ. ತೆಳು ಬಣ್ಣದಿಂದ ಶುರು ಮಾಡಿ, ಕಹಿ ಮತ್ತು ಕಪ್ಪು ಕೊನೆಗೆ. ಮೊದಲೇ ಐಪಿಎ ಕುಡಿದರೆ ಉಳಿದದ್ದೆಲ್ಲ ನೀರು ಅನ್ನಿಸುತ್ತೆ.

ಬಾರ್‌ನಲ್ಲಿ ಹೇಗೆ ನಡೆದುಕೊಳ್ಳಬೇಕು?

ಇದು ಗೊತ್ತಿಲ್ಲದೆ ನಾನು ಮುಖಭಂಗ ಮಾಡಿಸಿಕೊಂಡಿದ್ದೇನೆ. ಮೊದಲ ದಿನ ಬಾಯಾರಿ ಒಂದು ಸಣ್ಣ ಬಾರಿಗೆ ನುಗ್ಗಿ, ನೇರವಾಗಿ ಟ್ಯಾಪ್‌ನಲ್ಲಿ ಏನಿದೆ ಅಂತ ಕೇಳಿದೆ. ಕೌಂಟರ್ ಹಿಂದಿದ್ದ ವಯಸ್ಸಾದ ಹೆಂಗಸು ಗ್ಲಾಸ್ ಒರೆಸುತ್ತಾ ತಲೆ ಎತ್ತದೆ ‘ಗುಡ್ ಆಫ್ಟರ್‌ನೂನ್’ ಅಂದರು. ನಾನು ಮತ್ತೆ ಬಿಯರ್ ಕೇಳಿದೆ. ಅವರು ಬಟ್ಟೆ ಕೆಳಗಿಟ್ಟು, ನನ್ನನ್ನೇ ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಮತ್ತೆ ‘ಗುಡ್ ಆಫ್ಟರ್‌ನೂನ್’ ಅಂದರು. ಆಗ ತಲೆಗೆ ಹೋಯಿತು. ನಾನೂ ಹೇಳಿದೆ. ತಕ್ಷಣ ಮುಖ ಅರಳಿತು, ಬಿಯರೂ ಬಂತು.

ಈ ದ್ವೀಪಗಳಲ್ಲಿ ನಮಸ್ಕಾರ ಆದ ಮೇಲೇ ಮಾತು. ಅಂಗಡಿ, ಬಸ್ಸು, ಟ್ಯಾಕ್ಸಿ, ಎಲ್ಲ ಕಡೆ. ಕತ್ತಲಾದ ಮೇಲೆ ‘ಗುಡ್ ನೈಟ್’ ಅನ್ನುತ್ತಾರೆ, ಅದು ಬೀಳ್ಕೊಡುಗೆ ಅಲ್ಲ, ಬಂದವರಿಗೆ ಹೇಳುವ ಮಾತು. ನಮ್ಮೂರಲ್ಲಿ ಊಟ ಆಯ್ತಾ ಅಂತ ಕೇಳದೆ ಕೆಲಸದ ಮಾತು ಎತ್ತಿದರೆ ಹಿರಿಯರು ಮುಖ ಗಂಟು ಹಾಕಿಕೊಳ್ಳಲ್ವಾ, ಹಾಗೆ.

ಒಂದು ಪೈಂಟ್ ಅಂದರೆ ನಮ್ಮ ಪೈಂಟೇ ತಾನೆ?

ಅಲ್ಲ! ನಮ್ಮಲ್ಲಿ ಪೈಂಟ್ ಅಂದರೆ 330 ಮಿ.ಲೀ. ಬಾಟಲಿ. ಅಲ್ಲಿ ಅಮೆರಿಕದ ಪೈಂಟ್, 473 ಮಿ.ಲೀ. ಎರಡು ಪೈಂಟ್ ಅಂದರೆ ನಮ್ಮ ಲೆಕ್ಕದಲ್ಲಿ ಮೂರರ ಹತ್ತಿರ. ಬಿಸಿಲು ಬೇರೆ. ಬೋರ್ಡಿನ ಮೇಲೆ ಹೆಸರಿನ ಪಕ್ಕ ಶೇಕಡಾ ಎಷ್ಟು ಆಲ್ಕೋಹಾಲ್ ಅಂತ ಬರೆದಿರುತ್ತಾರೆ, ನೋಡಿಕೊಂಡು ಕುಡಿಯಿರಿ. ಅಲ್ಲಿ ಕುಡಿಯಲು ವಯಸ್ಸು 18, ಅಮೆರಿಕದ ರಾಜ್ಯಗಳ ಹಾಗೆ 21 ಅಲ್ಲ.

ದುಬಾರಿಯಾ?

ಹೌದು. ರೂಪಾಯಿಗೆ ಗುಣಿಸಬೇಡಿ, ಗುಣಿಸಿದರೆ ನೀರೂ ಇಳಿಯಲ್ಲ. ಬಿಲ್ಲಿನ ಮೇಲೆ ಶೇ. 15ರಿಂದ 20 ಟಿಪ್ಸ್ ಸೇರಿಸಿ ಲೆಕ್ಕ ಹಾಕಿ. ಮಧ್ಯಾಹ್ನ ಮೂರರ ಮೇಲೆ ಕ್ರೂಜ್ ಬೇಯ ತುಂಬ ಬಾರ್‌ಗಳಲ್ಲಿ ಹ್ಯಾಪಿ ಅವರ್ ಇರುತ್ತೆ.

ಜೊತೆಗೆ ತಿನ್ನೋಕೆ ಏನು? ವೆಜ್ ಸಿಗುತ್ತಾ?

ನನ್ನ ಖುಷಿಯ ವಿಷಯ ಇದು. ಅಲ್ಲಿ ‘ಫಂಜಿ’ ಅಂತ ಒಂದಿದೆ. ಹೆಸರು ಕೇಳಿ ಅಣಬೆ ಅಂದುಕೊಳ್ಳಬೇಡಿ. ಕುದಿಯುವ ನೀರಿಗೆ ಬೆಂಡೆಕಾಯಿ ಹಾಕಿ, ಮೆಕ್ಕೆಜೋಳದ ಹಿಟ್ಟು ಸುರಿದು, ಮರದ ಕೋಲಿನಲ್ಲಿ ಗಂಟಿಲ್ಲದ ಹಾಗೆ ತಿರುವಿ, ಉಂಡೆ ಕಟ್ಟಿ ತಟ್ಟೆಗೆ ಇಡುತ್ತಾರೆ. ಮುದ್ದೆಯೇ! ಬಣ್ಣ ಹಳದಿ ಅಷ್ಟೇ. ಬೇಯಿಸಿದ ಮೀನಿನ ಸಾರಿನ ಜೊತೆ ಕೊಡುತ್ತಾರೆ. ನಾನು ಕೈಯಲ್ಲಿ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದ್ದು ನೋಡಿ ಎದುರಿಗಿದ್ದವರು ಫೋರ್ಕ್ ಕೆಳಗಿಟ್ಟರು.

ಬಿಯರ್ ಜೊತೆ ಕಡಿಯೋಕೆ ಪಾಟೆ ಚೆನ್ನ, ನಮ್ಮ ಕರ್ಜಿಕಾಯಿ ಆಕಾರದ ಕರಿದ ತಿಂಡಿ, ಒಳಗೆ ಉಪ್ಪು ಮೀನು, ದನದ ಮಾಂಸ ಅಥವಾ ಶಂಖದ ಹುಳುವಿನ ಮಾಂಸ. ಸಸ್ಯಾಹಾರಿಗಳು ಒಳಗೆ ಏನಿದೆ ಅಂತ ಕೇಳದೆ ಬಾಯಿ ಹಾಕಬೇಡಿ. ಅವರಿಗೆ ಸುಲಭ ದಾರಿ ರೋಟಿ: ಟ್ರಿನಿಡಾಡ್‌ಗೆ ಕೂಲಿಗಳಾಗಿ ಹೋದ ಭಾರತೀಯರಿಂದ ಕ್ಯಾರಿಬಿಯನ್ ತುಂಬ ಹರಡಿದ್ದು, ಕಡಲೆ ಆಲೂಗಡ್ಡೆ ಪಲ್ಯ ಸುತ್ತಿ ಕೊಡುತ್ತಾರೆ.

ನಾನು ಕುಡಿಯಲ್ಲ. ಜೊತೆಗೆ ಬಂದು ಸುಮ್ನೆ ಕೂರಬೇಕಾ?

ಬೇಡ. ಸೇಂಟ್ ಜಾನ್ ಬ್ರೂವರ್ಸ್‌ನವರೇ ರೂಟ್ ಬಿಯರ್ ಮಾಡುತ್ತಾರೆ, ಅದರಲ್ಲಿ ಆಲ್ಕೋಹಾಲ್ ಇಲ್ಲ. ಅಂಗಡಿಗಳಲ್ಲಿ ಮಾಲ್ಟಾ ಸಿಗುತ್ತೆ, ಹುದುಗಿಸದ ಮಾಲ್ಟ್ ಪಾನೀಯ, ತುಂಬ ಸಿಹಿ. ನನ್ನ ಮತ ಮಾಬಿಗೆ. ಒಂದು ಮರದ ತೊಗಟೆ ಕುದಿಸಿ ಮಸಾಲೆ, ಸಕ್ಕರೆ ಹಾಕಿ ಮಾಡುತ್ತಾರೆ. ಮೊದಲ ಗುಟುಕು ಕಷಾಯ, ಮೂರನೇ ಗುಟುಕಿಗೆ ಇನ್ನೊಂದು ಬಾಟಲಿ ಎಲ್ಲಿ ಅಂತ ಹುಡುಕುತ್ತೀರಿ.

ಗಾಡಿ ಓಡಿಸಬಹುದಾ?

ಕುಡಿದು ಬೇಡ. ಇದು ಉಪದೇಶ ಅಲ್ಲ, ಆ ರಸ್ತೆ ನೋಡಿದರೆ ನಿಮಗೇ ಗೊತ್ತಾಗುತ್ತೆ. ಆಗುಂಬೆ ಘಾಟಿಯ ತಿರುವನ್ನು ಇನ್ನೂ ಕಡಿದಾಗಿಸಿ, ಪಕ್ಕಕ್ಕೆ ಒಂದು ಕತ್ತೆ ನಿಲ್ಲಿಸಿ, ಹಾಗೆ. ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುತ್ತಾರೆ, ಆದರೆ ಕಾರುಗಳು ಅಮೆರಿಕದಿಂದ ಬಂದವು, ಸ್ಟೀರಿಂಗೂ ಎಡಕ್ಕೆ. ನಮ್ಮವರಿಗೂ ಅಮೆರಿಕನ್ನರಿಗೂ ಸಮಾನ ಗೊಂದಲ. ಹಿಂದೆ ಬೆಂಚು ಹಾಕಿದ ತೆರೆದ ಟ್ಯಾಕ್ಸಿಗಳಿವೆ, ಒಬ್ಬರಿಗೆ ಇಷ್ಟು ಅಂತ ಸರಕಾರ ಗೊತ್ತು ಮಾಡಿದ ದರ. ಸೇಂಟ್ ಥಾಮಸ್‌ನಲ್ಲಿ ತಂಗಿದ್ದರೆ ಕೊನೆಯ ದೋಣಿ ಎಷ್ಟಕ್ಕೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ, ಎರಡನೇ ಗ್ಲಾಸ್ ಆದ ಮೇಲೆ ನೆನಪಾಗಲ್ಲ.

ಬೀಚಿಗೆ ಬಿಯರ್ ಒಯ್ಯಬಹುದಾ?

ಗಾಜು ಬೇಡ, ಉದ್ಯಾನದ ಬೀಚುಗಳಲ್ಲಿ ಗಾಜಿಗೆ ನಿಷೇಧ ಇದೆ. ಕ್ಯಾನ್ ತಗೊಳ್ಳಿ. ಕ್ಯಾನಿನಿಂದ ಬಿಯರಿಗೂ ಒಳ್ಳೇದು, ಹಸಿರು ಅಥವಾ ಬಿಳಿ ಗಾಜಿನೊಳಗೆ ಬಿಸಿಲು ಬಿದ್ದರೆ ಹಾಪ್ಸ್ ಕೆಟ್ಟು ಗಬ್ಬು ವಾಸನೆ ಬರುತ್ತೆ. ಇನ್ನೊಂದು, ಹವಳಕ್ಕೆ ಕೇಡು ಅಂತ ಕೆಲವು ರಾಸಾಯನಿಕ ಇರುವ ಸನ್‌ಸ್ಕ್ರೀನ್ 2020ರಿಂದ ಅಲ್ಲಿ ಕಾನೂನುಬಾಹಿರ. ಟ್ಯೂಬಿನ ಹಿಂದೆಯೂ ಓದಿ.

ಅಕ್ಕಪಕ್ಕದ ದ್ವೀಪಗಳಲ್ಲಿ ಏನಾದರೂ ಇದೆಯಾ?

ಸೇಂಟ್ ಕ್ರೋಯಿಯಲ್ಲಿ 2018ರಲ್ಲಿ ಲೆದರ್‌ಬ್ಯಾಕ್ ಅನ್ನೋ ಬ್ರೂವರಿ ತೆರೆಯಿತು, ಅಲ್ಲಿನ ಮರಳಿನಲ್ಲಿ ಮೊಟ್ಟೆ ಇಡುವ ದೊಡ್ಡ ಕಡಲಾಮೆಯ ಹೆಸರು. ದ್ವೀಪದಲ್ಲೇ ಕುದಿಸೋದು ಅನ್ನೋದೇ ಅದರ ಹೆಮ್ಮೆ. ಅದೇ ದ್ವೀಪದ ಕಾಡಿನೊಳಗೆ ಒಂದು ಬಾರಿನಲ್ಲಿ ಹಂದಿಗಳಿಗೆ ಬಿಯರ್ ಕ್ಯಾನ್ ಕೊಡುತ್ತಾರೆ, ಹಲ್ಲಲ್ಲಿ ಕಚ್ಚಿ ಒಡೆದು ಕುಡಿಯುತ್ತವೆ. ಈಗ ಕೊಡೋದು ಆಲ್ಕೋಹಾಲ್ ಇಲ್ಲದ್ದು. ಹಂದಿಗಳಿಗೆ ಚಟ ಹತ್ತಿತ್ತಂತೆ! ನನಗೆ ನೋಡೋಕೆ ಅಷ್ಟು ಇಷ್ಟ ಆಗಲ್ಲ, ಮಕ್ಕಳಿದ್ದರೆ ಬಿಡಲ್ಲ.

ಸೇಂಟ್ ಜಾನ್‌ನ ಉತ್ತರ ದಡದಿಂದ ಜೋಸ್ಟ್ ವ್ಯಾನ್ ಡೈಕ್ ಕಾಣುತ್ತೆ. ಅಲ್ಲಿ ಫಾಕ್ಸೀಸ್ ಅನ್ನೋ ಹಳೇ ಬಾರ್ ತನ್ನದೇ ಬಿಯರ್ ಮಾಡಿದ್ದಕ್ಕೆ ಹೆಸರುವಾಸಿ. ಈಜಿ ಹೋಗುವಷ್ಟು ಹತ್ತಿರ ಅನ್ನಿಸಿದರೂ ಅದು ಬ್ರಿಟಿಷ್ ಪ್ರದೇಶ. ಪಾಸ್‌ಪೋರ್ಟ್, ಇಮಿಗ್ರೇಶನ್ ಎಲ್ಲ ಇದೆ.

ವೀಸಾ?

ಅಮೆರಿಕದ ವೀಸಾ ಸಾಕು. ಅಮೆರಿಕದಲ್ಲೇ ಇರುವ ನಮ್ಮವರು ಒಂದು ತಪ್ಪು ಮಾಡುತ್ತಾರೆ: ಹೋಗುವಾಗ ದೇಶದೊಳಗಿನ ವಿಮಾನ ತಾನೆ ಅಂತ ಪಾಸ್‌ಪೋರ್ಟ್ ಮನೆಯಲ್ಲಿ ಬಿಡುತ್ತಾರೆ. ವಾಪಸ್ ಬರುವಾಗ ಸೇಂಟ್ ಥಾಮಸ್ ನಿಲ್ದಾಣದಲ್ಲಿ ಕಸ್ಟಮ್ಸ್, ಇಮಿಗ್ರೇಶನ್ ತಪಾಸಣೆ ಇದೆ. ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಕಾಗದ ಪೂರ್ತಿ ಕೈಲಿರಲಿ.

ಯಾವಾಗ ಹೋಗೋದು ಒಳ್ಳೇದು?

ಡಿಸೆಂಬರ್‌ನಿಂದ ಏಪ್ರಿಲ್ ಹವೆ ಚೆಂದ, ಜನ ಜಾಸ್ತಿ, ಬಾಡಿಗೆ ಆಕಾಶಕ್ಕೆ. ನನಗೆ ಮೇ ತಿಂಗಳು ಇಷ್ಟ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ, ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್ ಜೋರು, ಆಗ ಎಷ್ಟೋ ಅಂಗಡಿ ಬಾಗಿಲು ಹಾಕಿರುತ್ತವೆ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಸೇಂಟ್ ಜಾನ್‌ಗೆ ಬಡಿಯಿತು, ಎರಡು ವಾರಕ್ಕೆ ಮರಿಯಾ ಬಂತು. ತಿಂಗಳುಗಟ್ಟಲೆ ಕರೆಂಟ್ ಇರಲಿಲ್ಲ. ಬಾರಿನಲ್ಲಿ ಪಕ್ಕ ಕೂತವರನ್ನು ಕೇಳಿದರೆ ಎಲ್ಲರ ಹತ್ತಿರವೂ ಆ ದಿನದ ಕಥೆ ಇದೆ. ಅವರಾಗಿ ಎತ್ತಿದರೆ ಕೇಳಿ, ನೀವಾಗಿ ಕೆದಕಬೇಡಿ.

ಮನೆಗೆ ತರಬಹುದಾ?

ತರಬಹುದು, ಕೈಚೀಲದಲ್ಲಿ ಅಲ್ಲ, ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿ. ನಾನು ಆರು ಕ್ಯಾನ್ ಮಾವಿನ ಬಿಯರನ್ನು ಬರೀ ಟೀ ಶರ್ಟಿನಲ್ಲಿ ಸುತ್ತಿ ಬುದ್ಧಿವಂತ ಅಂದುಕೊಂಡಿದ್ದೆ. ಮನೆಗೆ ಬಂದು ತೆರೆದರೆ ಒಂದು ಕ್ಯಾನ್ ಮೂಲೆಯಲ್ಲಿ ನಜ್ಜುಗುಜ್ಜಾಗಿ ಸೋರಿತ್ತು, ಒಗೆಯೋ ಬಟ್ಟೆಗೆಲ್ಲ ಮಾವು, ಹಾಪ್ಸ್, ಸಮುದ್ರದ ಉಪ್ಪು ಸೇರಿದ ವಾಸನೆ. ಒಂದೊಂದು ಕ್ಯಾನನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸುತ್ತ ದಪ್ಪ ಟವೆಲ್ ಸುತ್ತಿ, ಪೆಟ್ಟಿಗೆಯ ನಡುವೆ ಇಡಿ. ಉಳಿದ ಐದರಲ್ಲಿ ಮೂರು ಗೆಳೆಯರು ಖಾಲಿ ಮಾಡಿದರು, ಒಂದು ಭಾವನ ಪಾಲಾಯಿತು. ಕೊನೆಯದು ಇನ್ನೂ ಫ್ರಿಜ್ಜಿನಲ್ಲಿ ಹುಳಿಮಜ್ಜಿಗೆ ಪಾತ್ರೆಯ ಹಿಂದೆ ಇದೆ, ಯಾರಿಗೂ ಹೇಳಬೇಡಿ.